ದೇವರ ಪಟದ ಕೆಳಗಿನ ಸ್ವಿಚ್ಚು

ಮಿಕ್ಸಿ ಹಾಕುವಾಗ ನಾನು ಈಗಲೂ ಎಡಗೈಯನ್ನು ಗೋಡೆಯ ಸ್ವಿಚ್ಚಿನ ಮೇಲೆ ಇಟ್ಟುಕೊಂಡೇ ಬಲಗೈಯಿಂದ ಮುಚ್ಚಳ ಒತ್ತುತ್ತೇನೆ. ಚಟ್ನಿ ಆಗುವವರೆಗೆ ಆ ಎಡಗೈ ಅಲ್ಲಿಂದ ಅಲುಗುವುದಿಲ್ಲ. "ಅದು ಎಲ್ಲಿಗೂ ಓಡಿಹೋಗಲ್ಲಮ್ಮ" ಎಂದು ಮಗಳು ರೇಗಿಸುತ್ತಾಳೆ. ಯಾರದೇ ಹೊಸ ಮನೆಗೆ ಹೋಗಲಿ, ಮದುವೆಯ ಛತ್ರಕ್ಕೆ ಹೋಗಲಿ, ಉಳಿದವರು ನೆಲದ ಟೈಲ್ಸು, ಬಾಗಿಲಿನ ಕೆತ್ತನೆ ನೋಡುತ್ತಿದ್ದರೆ ನನ್ನ ಕಣ್ಣು ಹುಡುಕುವುದು ಸ್ವಿಚ್ ಬೋರ್ಡನ್ನು. ಅದು ಸಿಕ್ಕಿದ ಮೇಲೆಯೇ ಕಾಫಿ ರುಚಿಸುತ್ತದೆ. ಈ ಚಟ ಎಲ್ಲಿಂದ ಹತ್ತಿತು ಎಂದು ಹೇಳಬೇಕಾದರೆ ಮದರಾಸಿನ ಕೀಲ್ಪಾಕಿನಲ್ಲಿದ್ದ ನಮ್ಮ ಹೋಟೆಲಿನ ವಿಷಯ ಹೇಳಬೇಕು. ನಾವು ಬೆಳೆದ ಮನೆಯೆಂದರೆ ಆ ಹೋಟೆಲೇ.

ಹೋಟೆಲು ಕೆಳಗೆ, ನಾವು ಮೇಲೆ. ಮೇಲಿನಿಂದ ಇಳಿಯುವ ಮರದ ಮೆಟ್ಟಿಲು ನೇರವಾಗಿ ಹೋಟೆಲಿನ ಅಡುಗೆಮನೆಗೇ ಬಂದು ಮುಟ್ಟುತ್ತಿದ್ದುದರಿಂದ ನಮ್ಮ ಶಾಲೆಯ ಯೂನಿಫಾರ್ಮಿಗೆ ಸದಾ ಒಗ್ಗರಣೆಯ ವಾಸನೆ. ತರಗತಿಯಲ್ಲಿ ನನ್ನ ಪಕ್ಕ ಕೂರಲು ಹುಡುಗಿಯರು ಜಗಳವಾಡುತ್ತಿದ್ದರು. ನನ್ನ ಮೇಲಿನ ಪ್ರೀತಿಯಿಂದಲ್ಲ, ನನ್ನ ಲಂಗದಿಂದ ಬರುತ್ತಿದ್ದ ಉದ್ದಿನವಡೆಯ ಪರಿಮಳಕ್ಕಾಗಿ. ಮನೆಯಲ್ಲಿ ಊಟವೆಂದರೆ ಗಿರಾಕಿಗಳ ಊಟ ಮುಗಿದ ಮೇಲಿನ ಊಟ. ಅಮ್ಮನಿಗೆ ತನ್ನದೆನ್ನುವ ಅಡುಗೆಮನೆಯೇ ಇರಲಿಲ್ಲ. ಆಕೆಗೂ ಅಪ್ಪನಿಗೂ ನಡೆಯುತ್ತಿದ್ದ ಜಗಳವೆಲ್ಲ ಅದೊಂದೇ ವಿಷಯಕ್ಕೆ. "ಹೋಟೆಲಿನ ಸಾಂಬಾರು ತಿಂದು ತಿಂದು ನನ್ನ ಮಕ್ಕಳ ನಾಲಿಗೆ ಗಿರಾಕಿಗಳ ನಾಲಿಗೆ ಆಗಿದೆ" ಎನ್ನುತ್ತಾ ಮಹಡಿಯ ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ ಹುರುಳಿ ಸಾರು ಮಾಡುವಳು. ಅಪ್ಪ ಕೆಳಗಿನ ಸಾಂಬಾರನ್ನು ಹೊಗಳುತ್ತಲೇ ಮೇಲೆ ಬಂದು ಆ ಹುರುಳಿ ಸಾರನ್ನು ಎರಡೆರಡು ಸಲ ಹಾಕಿಸಿಕೊಳ್ಳುವರು. ಅಪ್ಪನ ತಾಯಿ, ನಮ್ಮ ಅಜ್ಜಿ, ಕುಂದಾಪುರದ ಕಡೆಯ ತನ್ನ ಕನ್ನಡವನ್ನು ಒಂದಿಷ್ಟೂ ಸಡಿಲಿಸದೆ ಮದರಾಸಿನಲ್ಲಿ ಬಾಳಿದವಳು. ಆಕೆ ಕನ್ನಡದಲ್ಲಿ ಕೇಳಿದರೆ ನಾನೂ ಅಕ್ಕನೂ ತಮಿಳಿನಲ್ಲಿ ಉತ್ತರಿಸುತ್ತಿದ್ದೆವು.

"ಎಂತ ಹುಡುಗಿಯರಪ್ಪ! ಹಸಿವು ಕನ್ನಡದಲ್ಲಿ, ಉತ್ತರ ತಮಿಳಿನಲ್ಲಿ!"

"ಪೋ ಅಜ್ಜಿ" ಎಂದು ಅಕ್ಕ ಆಕೆಯ ಕೆನ್ನೆ ಹಿಂಡುವಳು.

ಅಕ್ಕನ ಹೆಸರು ಶಾರದೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು, ಎಂದರೆ ಗಂಡು ನೋಡುತ್ತಿದ್ದರು. ನಾನಿನ್ನೂ ಕಾಲೇಜಿನಲ್ಲಿದ್ದೆ.

ಹೋಟೆಲಿಗೆ ಮೋಟಾರಿನ ರುಬ್ಬುವ ಕಲ್ಲು ಬಂದದ್ದು ನಮ್ಮ ಮನೆಯ ದೊಡ್ಡ ಹಬ್ಬಗಳಲ್ಲಿ ಒಂದು. ಅದಕ್ಕೂ ಮುಂಚೆ ಅಡುಗೆಯ ಸೀನಣ್ಣನೂ ಅವನ ಜೊತೆಯವರೂ ಕೈಯಲ್ಲೇ ರುಬ್ಬುತ್ತಿದ್ದರು. ಹೊಸದು ಬಂದಾಗ ಪುರೋಹಿತರು ಬಂದು ಮೋಟಾರಿಗೆ ಕುಂಕುಮ ಹಚ್ಚಿ, ಕಲ್ಲಿಗೆ ಹಾರ ಹಾಕಿದರು. ಮೋಟಾರಿಗೂ ಕಲ್ಲಿನ ಚಕ್ರಕ್ಕೂ ನಡುವೆ ಅಗಲವಾದ ಚರ್ಮದ ಬೆಲ್ಟು. ಬೆಲ್ಟಿನ ಎರಡು ತುದಿಗಳನ್ನು ಸೇರಿಸಿದ್ದ ಕಬ್ಬಿಣದ ಕೊಂಡಿ ಪ್ರತಿ ಸುತ್ತಿಗೂ ಚಕ್ರಕ್ಕೆ ಬಡಿದು ಠಪ್ ಠಪ್ ಎನ್ನುತ್ತಿತ್ತು. ಸ್ವಿಚ್ಚು ಎಲ್ಲಿಡಬೇಕು ಎನ್ನುವ ಪ್ರಶ್ನೆ ಬಂದಾಗ ಎಲೆಕ್ಟ್ರಿಷಿಯನ್ನು ಅಡುಗೆಮನೆಯ ಗೋಡೆ ತೋರಿಸಿದ. ಅಪ್ಪ ಒಪ್ಪಲಿಲ್ಲ. ಮುಂದಿನ ಹಾಲಿನಲ್ಲಿ, ತಮ್ಮ ಗಲ್ಲಾ ಮೇಜಿನ ಹಿಂದೆ, ದೇವರ ಪಟಗಳ ಕೆಳಗೆ ಆಗಲೇ ಒಂದು ಬೋರ್ಡಿತ್ತು. ದೇವರ ಮುಂದಿನ ಕೆಂಪು ಬಲ್ಬಿಗೆ ಒಂದು ಸ್ವಿಚ್ಚು, ಫ್ಯಾನಿಗೆ ಒಂದು. ಮೂರನೆಯದು ಅಲ್ಲೇ ಬರಬೇಕು ಎಂದರು.

"ದೀಪ ಹಚ್ಚುದು, ಕೈ ಮುಗಿಯುದು, ಅದೇ ಕೈಯಲ್ಲಿ ಸ್ವಿಚ್ಚು ಹಾಕುದು. ಅನ್ನ ಕೊಡುವ ಮಿಷನ್ನು, ದೇವರ ಕಣ್ಣೆದುರು ಶುರುವಾಗ್ಬೇಕು."

ಹಾಗೆಯೇ ಆಯಿತು. ಬೆಳಿಗ್ಗೆ ಚಟ್ನಿಗೆ, ಮಧ್ಯಾಹ್ನ ಮರುದಿನದ ಇಡ್ಲಿ ಹಿಟ್ಟಿಗೆ, ಅಪ್ಪ ದೀಪ ಹಚ್ಚಿ, ಮೂರನೆಯ ಸ್ವಿಚ್ಚು ಒತ್ತುವರು. ಒತ್ತುವ ಅಧಿಕಾರ ಯಜಮಾನರ ಕೈಗೆ ಮಾತ್ರ. ರುಬ್ಬಿ ಮುಗಿದಾಗ ಸೀನಣ್ಣ ಒಳಗಿನಿಂದ "ಆಯ್ತೂ" ಎಂದು ರಾಗ ಎಳೆದರೆ ಹಾಲಿನಲ್ಲಿ ಇದ್ದವರು ಯಾರಾದರೂ ಆರಿಸುವರು. ಕಲ್ಲು ತಿರುಗುವ ಜಾಗಕ್ಕೂ ಅದನ್ನು ನಿಲ್ಲಿಸುವ ಜಾಗಕ್ಕೂ ನಡುವೆ ಒಂದು ಕೋಣೆಯೂ ಎರಡು ಬಾಗಿಲುಗಳೂ ಇವೆ ಎನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ಊರಿನಿಂದ ಬಂದು ಮದರಾಸಿನಲ್ಲಿ ಹೋಟೆಲಿಟ್ಟವರೆಲ್ಲ ಗಲ್ಲಾದ ಹಿಂದೆ ದೇವರನ್ನು ಕೂರಿಸಿದ್ದರು. ಮೋಟಾರನ್ನೂ ದೇವರ ವಶಕ್ಕೆ ಕೊಟ್ಟವರು ನಾವೊಬ್ಬರೇ ಇರಬೇಕು.

ಕಮಲಾಕ್ಷಿ ಮೇಡಂ ನಮ್ಮ ಹೋಟೆಲಿಗೆ ಊಟಕ್ಕೆ ಬರುತ್ತಿದ್ದದ್ದು ಎಲ್ಲರ ಊಟ ಮುಗಿಯುವ ಹೊತ್ತಿಗೆ. ಮೈಸೂರಿನವರು, ಹಿಂದಿನ ಬೀದಿಯಲ್ಲಿ ಕೋಣೆ ಮಾಡಿಕೊಂಡು ಒಬ್ಬರೇ ಇದ್ದರು. ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಬೆಳಗಿನ ಪಾಳಿ ಮುಗಿಸಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುವರು. ಒಂದು ಮಧ್ಯಾಹ್ನ ಅಕ್ಕ ಸೀನಣ್ಣನಿಗೆ ಅಕ್ಕಿ ನೆನೆಹಾಕುವ ಲೆಕ್ಕ ಹೇಳುತ್ತಿದ್ದಳು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಹತ್ತಿರದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಂದವರು. ಹಾಗಾಗಿ ನಾಳೆ ಭಾನುವಾರವಾದರೆ ಹೆಚ್ಚು ನೆನೆಹಾಕು, ಆದರೆ ಮಳೆ ಬಂದರೆ ಮಾಮೂಲಿಯಷ್ಟೇ, ಮಳೆಯೂ ಬಂದು ಪರೀಕ್ಷೆಯೂ ಇದ್ದರೆ ಮೆಡಿಕಲ್ ಕಾಲೇಜಿನ ಹಾಸ್ಟೆಲಿನ ಹುಡುಗರು ಇಲ್ಲೇ ಬಂದು ಕೂರುತ್ತಾರೆ, ಆಗ ಇಡ್ಲಿಗೆ ಕಡಿಮೆ, ದೋಸೆಗೆ ಹೆಚ್ಚು. ರಸಂ ಅನ್ನ ಕಲಸುತ್ತಿದ್ದ ಮೇಡಂ ಕೈ ನಿಲ್ಲಿಸಿದರು.

"ಇನ್ನೊಂದ್ಸಲ ಹೇಳಮ್ಮ."

ಅಕ್ಕ ಹೇಳಿದಳು.

"ಮಳೆ ಇಲ್ಲ, ಪರೀಕ್ಷೆ ಇದೆ. ಆಗ?"

ಅಕ್ಕ ಅದನ್ನೂ ಹೇಳಿದಳು.

"ಇದನ್ನೇ ಕಣೇ ನಾವು ದಿನವೆಲ್ಲ ಬರೆಯೋದು! ನಮ್ಮಲ್ಲಿ ಕೋಟು ಹಾಕ್ಕೊಂಡು ಬರೋ ಗಂಡಸರು ಇದಕ್ಕೆ ತಲೆ ಕೆರ್ಕೋತಾರೆ. ನೀನು ದೋಸೆ ಹಿಟ್ಟಿನ ಮುಂದೆ ನಿಂತ್ಕೊಂಡು ಹೇಳ್ತಿದ್ದೀಯಲ್ಲ."

ಕೈ ತೊಳೆದವರೇ ಅಪ್ಪನ ಗಲ್ಲಾ ಮುಂದೆ ನಿಂತರು. ಮಳೆಗಾಲ ಕಳೆದ ಮೇಲೆ ಅವರ ಕಂಪನಿ ಪರೀಕ್ಷೆ ಇಟ್ಟು ತರಬೇತಿಗೆ ಜನ ತೆಗೆದುಕೊಳ್ಳುತ್ತದೆ, ಹುಡುಗಿಯರೂ ಬರಬಹುದು, ಆದರೆ ಬರುವುದೇ ಇಲ್ಲ ಎಂದರು.

"ಅಂಥದ್ದೊಂದು ಕೆಲಸ ಇದೆ ಅಂತಲೇ ಅವರಿಗೆ ಗೊತ್ತಿಲ್ಲ ರಾಯರೇ. ನಾನು ಹೇಳಿಕೊಡ್ತೀನಿ. ನಿಮ್ಮ ಮಗಳಿಗೂ, ಬರೋ ಬೇರೆ ಹುಡುಗೀರಿಗೂ. ನಿಮ್ಮ ಫ್ಯಾಮಿಲಿ ರೂಮು ಮಧ್ಯಾಹ್ನ ಖಾಲಿ ಇರುತ್ತಲ್ಲ?"

"ಟೈಪಿಂಗ್ ಹಾಗೆಯಾ?"

"ಟೈಪಿಂಗ್ ಅಲ್ಲ. ಯೋಚನೆ ಮಾಡೋದು."

"ಯೋಚನೆ ಮಾಡ್ಲಿಕ್ಕೆ ಮಿಷನ್ನು ಎಂತಕ್ಕೆ?"

"ಮಿಷನ್ನಿಗೆ ಯೋಚನೆ ಬರಲ್ಲ. ಅದಕ್ಕೇ ಇವರು ಬೇಕು."

ಆ ಉತ್ತರ ಅಪ್ಪನಿಗೆ ಎಷ್ಟು ಹಿಡಿಸಿತೆಂದರೆ ಮರುದಿನದಿಂದ ಕಾಫಿಗೆ ಬಂದವರಿಗೆಲ್ಲ ಅದನ್ನು ತಾವೇ ಕಂಡುಹಿಡಿದವರಂತೆ ಹೇಳತೊಡಗಿದರು.

ಫ್ಯಾಮಿಲಿ ರೂಮೆಂದರೆ ಅಡುಗೆಮನೆಗೂ ಹಾಲಿಗೂ ನಡುವಿನ ಕೋಣೆ. ಮರದ ಅಡ್ಡಗೋಡೆಗಳ ನಡುವೆ ಅಮೃತಶಿಲೆಯ ಮೇಜುಗಳು, ಒಂದೊಂದಕ್ಕೂ ಹೂವಿನ ಪರದೆ. ಪರಪುರುಷರ ಕಣ್ಣಿಗೆ ಬೀಳದೆ ಹೆಂಗಸರು ದೋಸೆ ತಿನ್ನಲೆಂದು ಮಾಡಿದ್ದು. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಆದ್ದರಿಂದ ಮೇಡಂ ನಮ್ಮನ್ನೇ ಕಂಪ್ಯೂಟರ್ ಮಾಡಿದರು. ಒಂದೊಂದು ಮೇಜಿನಲ್ಲಿ ಒಬ್ಬೊಬ್ಬ ಹುಡುಗಿ, ಅವಳ ಮುಂದೆ ಒಂದು ಕಾಫಿ ಲೋಟ. ಲೋಟದೊಳಗೆ ಒಂದು ಚೀಟಿ, ಚೀಟಿಯಲ್ಲಿ ಒಂದು ಅಂಕಿ. ಅದು ಯಂತ್ರದ ನೆನಪು. ಹೊಸ ಅಂಕಿ ಬಂದರೆ ಹಳೆಯದನ್ನು ಎತ್ತಿ ಎಸೆಯಬೇಕು, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ನನಗೆ ಗಂಟಲು ದೊಡ್ಡದು ಎಂಬ ಕಾರಣಕ್ಕೆ ನಾನು ಕಂಟ್ರೋಲು. ಮೇಡಂ ಬರೆದುಕೊಟ್ಟ ಆಜ್ಞೆಗಳನ್ನು ಒಂದೊಂದಾಗಿ ಓದಬೇಕು. ಅಕ್ಕನ ಕೆಲಸ ಕೂಡುವುದು, ಕಳೆಯುವುದು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದ ನರ್ಸಮ್ಮನ ಮಗಳು ರೆಜಿನಾ ಆಪರೇಟರು. ಅವಳು ಹಾಲಿನಲ್ಲಿ ಅಪ್ಪನ ಗಲ್ಲಾ ಕುರ್ಚಿಯಲ್ಲೇ ಕೂರುವಳು, ಯಾಕೆಂದರೆ ಅವಳ ತಲೆಯ ಹಿಂದೆ ಸ್ವಿಚ್ ಬೋರ್ಡು. ನಾನು "ಸ್ಟಾರ್ಟ್" ಎಂದರೆ ದೇವರ ಕೆಂಪು ಬಲ್ಬು ಹಾಕಬೇಕು, "ಸ್ಟಾಪ್" ಎಂದರೆ ಆರಿಸಬೇಕು. ಬಲ್ಬು ಉರಿಯುತ್ತಿದ್ದರೆ ಯಂತ್ರ ಓಡುತ್ತಿದೆ ಎಂದು ಅರ್ಥ. ದೇವರ ಬಲ್ಬನ್ನು ಹೀಗೆ ಕುಣಿಸುವುದಕ್ಕೆ ಅಪ್ಪ ಏನೆನ್ನುವರೋ ಎಂದು ನಮಗೆ ಅಳುಕಿತ್ತು. ಆದರೆ ಅವರು ಆ ಹೊತ್ತಿಗೆ ದೀಪ ಹಚ್ಚಿ, ರುಬ್ಬುವ ಕಲ್ಲಿಗೆ ಚಾಲನೆ ಕೊಟ್ಟು, ಮಹಡಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು.

ನಿಯಮ ಒಂದೇ. ಹೇಳಿದ್ದನ್ನು ಮಾತ್ರ ಮಾಡಬೇಕು, ಹೇಳಿದ ಕೂಡಲೇ ಮಾಡಬೇಕು, ಯಾಕೆ ಎಂದು ಕೇಳಬಾರದು. ಬ್ಯಾಂಕಿನವರ ಮನೆಯ ನಳಿನಿ ಧಾರವಾಡದ ಹುಡುಗಿ. ಅವಳಿಗೆ ಇದು ತೀರ ಕಷ್ಟವಾಗಿತ್ತು.

"ಮೇಡಮ್ಮರ, ನನ್ನ ಲೋಟದಾಗ ಏಳು ಐತ್ರಿ, ಅಕೀದರಾಗ ಮೂರು. ಹತ್ತು ಅಂತ ಎದ್ದುಕಾಣಾಕತ್ತೈತಿ. ಇಷ್ಟ್ಯಾಕ ಓಡಾಡ್ಬೇಕ್ರಿ?"

"ಲೋಟಕ್ಕೆ ಕಣ್ಣಿದೆಯೇನೇ? ಸ್ವಂತ ಬುದ್ಧಿ ಓಡಿಸಿದೋರಿಗೆ ಇವತ್ತು ಬೋಂಡ ಇಲ್ಲ."

ಬೋಂಡದ ಆಸೆಗೆ ಎಲ್ಲರೂ ಬುದ್ಧಿಯನ್ನು ಬದಿಗಿಟ್ಟರು. ಆಜ್ಞೆ ಬರೆಯುವಾಗ ಮಾತ್ರ ಬುದ್ಧಿ, ನಡೆಸುವಾಗ ಬೇಡ. ಕೆಲವೇ ವಾರಗಳಲ್ಲಿ ಆಜ್ಞೆಗಳನ್ನು ಅಕ್ಕನೇ ಬರೆಯತೊಡಗಿದಳು. ಅವಳು ಬರೆದದ್ದನ್ನು ನಾನು ಓದುವಾಗ ಹುಡುಗಿಯರು ಪರದೆ ಸರಿಸಿ, ಲೋಟ ಹಿಡಿದು ಓಡಾಡಿ, ಕೊನೆಗೆ ಒಂದು ಲೋಟದಲ್ಲಿ ಸರಿಯಾದ ಉತ್ತರ ಕುಳಿತಿರುತ್ತಿತ್ತು. ಆಗ ನಾವು ಹಾಕುತ್ತಿದ್ದ ಕೂಗಿಗೆ ಸೀನಣ್ಣ ಸೌಟು ಹಿಡಿದೇ ಬಂದು ನೋಡುವನು.

ಆ ಮಧ್ಯಾಹ್ನ ಇಬ್ಬರು ಹೊಸ ಹುಡುಗಿಯರು ಬಂದಿದ್ದರು. ಲೋಟ ಸಾಲಲಿಲ್ಲ. "ನಾನು ತರ್ತೇನೆ" ಎಂದು ಅಕ್ಕ ಅಡುಗೆಮನೆಗೆ ಹೋದಳು. ಮೇಡಂ ಹೊಸಬರಿಗೆ ನಿಯಮ ಹೇಳುತ್ತಿದ್ದರು. ನಾನು ಆಗಲೇ "ಸ್ಟಾರ್ಟ್" ಎಂದಿದ್ದರಿಂದ ರೆಜಿನಾ ಬಲ್ಬು ಹಾಕಿಕೊಂಡು ಕಾಯುತ್ತಿದ್ದಳು. ಅಕ್ಕ ತಡಮಾಡಿದಳೆಂದು ನಾನು ಎದ್ದು ಬಾಗಿಲಿಗೆ ಹೋದೆ. ಇಲ್ಲಿಂದ ಮುಂದಿನದು ನನ್ನ ಕಣ್ಣೆದುರು ಎಷ್ಟು ಸಲ ನಡೆದಿದೆಯೋ ಹೇಳಲಾರೆ. ಲೋಟಗಳ ಕಪಾಟು ರುಬ್ಬುವ ಕಲ್ಲಿನ ಮೇಲ್ಗಡೆ. ಕೈ ಎತ್ತಿ ಲೋಟ ತೆಗೆಯುವಾಗ ಅಕ್ಕನ ದಾವಣಿಯ ತುದಿ ಜಾರಿ ಬೆಲ್ಟಿನ ಮೇಲೆ ಬಿದ್ದಿದೆ. ಬೆಲ್ಟು ಅದನ್ನು ಚಕ್ರಕ್ಕೆ ಸುತ್ತಿಕೊಳ್ಳುತ್ತಿದೆ. ದಾವಣಿ ಸೊಂಟದಲ್ಲಿ ಬಿಗಿದಿದೆ, ಹೆಗಲಿನಲ್ಲಿ ಅಮ್ಮ ದಿನವೂ ತಪ್ಪದೆ ಹಾಕುತ್ತಿದ್ದ ಪಿನ್ನು. ಅಕ್ಕ ಎರಡೂ ಕೈಯಲ್ಲಿ ಕಲ್ಲಿನ ಕಬ್ಬಿಣದ ಚೌಕಟ್ಟನ್ನು ಹಿಡಿದು ತನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಾಳೆ. ಅವಳ ಕುತ್ತಿಗೆ ಚಕ್ರದ ಕಡೆಗೆ ಬಾಗುತ್ತಿದೆ. ಅವಳು ಕೂಗುತ್ತಿಲ್ಲ. ನನ್ನನ್ನು ಇಂದಿಗೂ ಎಬ್ಬಿಸಿ ಕೂರಿಸುವುದು ಅದೇ. ಠಪ್ ಠಪ್ ಎನ್ನುವ ಕೊಂಡಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸೀನಣ್ಣ ಹಿತ್ತಲಿನ ನಲ್ಲಿಯಲ್ಲಿ ಉದ್ದು ತೊಳೆಯುತ್ತಿದ್ದ.

ನನ್ನ ಬಾಯಿಂದ ಬಂದದ್ದು ಒಂದೇ ಮಾತು. ವಾರಗಟ್ಟಲೆ ಕೂಗಿ ಕೂಗಿ ಅಭ್ಯಾಸವಾದ ಮಾತು.

"ಸ್ಟಾಪ್!"

ಹಾಲಿನಲ್ಲಿ ಕೆಂಪು ಬಲ್ಬು ಆರಿತು. ಎರಡು ಬಾಗಿಲುಗಳ ಆಚೆ ಅದು ಆರಿದ್ದನ್ನು ನಾನು ಕಂಡೆ. ಬೆಲ್ಟು ನಿಲ್ಲಲಿಲ್ಲ. ರೆಜಿನಾ ನಿಯಮದಂತೆ, ಹೇಳಿದ್ದನ್ನು ಮಾತ್ರ ಮಾಡಿದ್ದಳು. ಕಲ್ಲಿನ ಸ್ವಿಚ್ಚು ಅವಳ ಬೆರಳಿನಿಂದ ಒಂದು ಗೇಣು ಆಚೆಗಿತ್ತು.

"ಎಲ್ಲಾ! ಎಲ್ಲಾ ಸ್ಟಾಪ್!"

ಅವಳು ಅಂಗೈಯಿಂದ ಬೋರ್ಡನ್ನು ಕೆಳಗಿನಿಂದ ಮೇಲಕ್ಕೆ ಒರೆಸಿಬಿಟ್ಟಳು. ಫ್ಯಾನು ನಿಂತಿತು. ಕಲ್ಲು ಒಮ್ಮೆ ಗುರುಗುಟ್ಟಿತು. ಠಪ್. ಠಪ್. ಆಮೇಲೆ ಇನ್ನೊಂದು ಠಪ್ ಬರಲೋ ಬೇಡವೋ ಎನ್ನುವಂತೆ ತಡೆದು, ಬರಲಿಲ್ಲ.

ಸೀನಣ್ಣ ಓಡಿಬಂದು ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಟ್ಟೆ ಬಿಡಿಸಿದ. ಅಕ್ಕ ನೆಲದ ಮೇಲೆ ಕುಳಿತಳು. ಕುತ್ತಿಗೆಯಿಂದ ಹೆಗಲಿನವರೆಗೆ ಬಟ್ಟೆ ಉಜ್ಜಿ ಸುಟ್ಟಂತೆ ಕೆಂಪು ಗೆರೆ. ಮೇಡಂ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. ರುಬ್ಬುವ ಸದ್ದು ನಿಂತದ್ದೇ ಅಪ್ಪನಿಗೆ ಎಚ್ಚರವಾಯಿತು. "ಇಷ್ಟು ಬೇಗ ಹಿಟ್ಟಾಯ್ತಾ?" ಎನ್ನುತ್ತಾ ಮೆಟ್ಟಿಲಿಳಿದವರು ಕೆಳಗಿನ ಮೆಟ್ಟಿಲಿನ ಮೇಲೇ ಕುಳಿತುಬಿಟ್ಟರು. ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಸಂಜೆಗೆ ಮನೆಗೆ ಕಳಿಸಿದರು. ಗಾಯ ಆಳವಿರಲಿಲ್ಲ.

ಅಪ್ಪನಿಗೆ ಮಾತ್ರ ಆಳಕ್ಕೆ ಇಳಿದಿತ್ತು. ಫ್ಯಾಮಿಲಿ ರೂಮಿನ ತರಗತಿ ನಿಂತಿತು. ರುಬ್ಬುವ ಕಲ್ಲಿನ ಬೆಲ್ಟು ಕಳಚಿ ಅಟ್ಟಕ್ಕೆ ಹೋಯಿತು. ಪರೀಕ್ಷೆಯ ಸುದ್ದಿ ಎತ್ತಿದರೆ ಒಂದೇ ಮಾತು.

"ಮಿಷನ್ ಅಂದ್ರೆ ಮಿಷನ್. ಇಲ್ಲಿಯದು ಬಟ್ಟೆ ಹಿಡಿಯಿತು. ಅಲ್ಲಿಯದು ಎಂತ ಹಿಡಿತದೋ ಯಾರಿಗೆ ಗೊತ್ತು?"

ಸೀನಣ್ಣ ಮತ್ತೆ ಕೈಯಲ್ಲಿ ರುಬ್ಬತೊಡಗಿದ. ಅಭ್ಯಾಸ ತಪ್ಪಿದ ತೋಳು. ಹಿಟ್ಟು ತರಿತರಿಯಾಗಿ ಇಡ್ಲಿ ಚಪ್ಪಟೆಯಾಗಿ ಮಲಗಿತು. ಮೆಡಿಕಲ್ ಕಾಲೇಜಿನ ಒಬ್ಬ ಹುಡುಗ ಇಡ್ಲಿಯ ನಾಡಿ ಹಿಡಿದು ನೋಡಿ, "ಎನ್ನ ಸಾರ್, ಇಡ್ಲಿಕ್ಕುಂ ಆಪರೇಷನ್ ಆಚ್ಚಾ?" ಎಂದು ಕೇಳಿದ. ಇಡ್ಲಿಗೂ ಆಪರೇಷನ್ ಆಯಿತೇ ಎಂಬ ಆ ಮಾತು ಬೀದಿಯೆಲ್ಲ ಸುತ್ತಿತು. ಮೇಡಂ ದಿನವೂ ಬಂದು, ಊಟ ಬೇಡವೆಂದು ಒಂದು ಕಾಫಿ ಕುಡಿದು, ಅಪ್ಪನನ್ನು ನೋಡದೆ ಹೋಗುತ್ತಿದ್ದರು. ಊಟ ಬಿಟ್ಟು ಅವರು ಮಾಡುತ್ತಿದ್ದ ಆ ಸತ್ಯಾಗ್ರಹ ಅಪ್ಪನನ್ನು ಇಡ್ಲಿಯ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಅಪ್ಪನ ಹಟದ ಹಿಂದೆ ಅಕ್ಕನೂ ಅಡಗಿಕೊಂಡಿದ್ದಾಳೆ ಎನ್ನುವುದು ಅವಳ ಪಕ್ಕ ಮಲಗುವ ನನಗೆ ಮಾತ್ರ ಗೊತ್ತಿತ್ತು. ಮದರಾಸಿನ ಸೆಕೆಯಲ್ಲಿ ಫ್ಯಾನು ಬೇಡ ಎನ್ನುತ್ತಿದ್ದಳು. ಅಡುಗೆಮನೆಗೆ ಇಳಿಯುವ ಮೆಟ್ಟಿಲಲ್ಲಿ ನಡುವೆ ನಿಂತು ಹಿಂದಿರುಗುತ್ತಿದ್ದಳು.

"ಪರೀಕ್ಷೆಗೆ ಹೋಗೋ ಆಸೆ ಇಲ್ವಾ ಅಕ್ಕ?"

"ಆಸೆ ಉಂಟು. ಅಲ್ಲೂ ಏನೋ ತಿರುಗ್ತಾ ಇರುತ್ತಂತೆ. ಮೇಡಮ್ಮೇ ಹೇಳಿದ್ರು."

ನನ್ನ ಕಥೆಯೂ ಅಷ್ಟೇ ವಿಚಿತ್ರ. ನನಗೆ "ಸ್ಟಾಪ್" ಎನ್ನುವ ಮಾತೇ ಗಂಟಲಿನಿಂದ ಹೊರಡದಾಯಿತು. ಬಸ್ ಸ್ಟಾಪನ್ನು "ಬಸ್ಸು ನಿಲ್ಲುವ ಜಾಗ" ಎನ್ನತೊಡಗಿದೆ. ರೆಜಿನಾ ಅದನ್ನು ಕೇಳಿ, "ಯೇ, ನೀ ಕನ್ನಡ ಟೀಚರ್ ಆಯಿಟ್ಟಿಯಾ?", ಕನ್ನಡ ಟೀಚರ್ ಆಗಿಬಿಟ್ಟೆಯಾ, ಎಂದು ಬಿದ್ದುಬಿದ್ದು ನಕ್ಕಳು. ಅವಳು ನಕ್ಕಾಗ ನನಗೂ ನಗು ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ಈ ಗಂಟು ಬಿಡಿಸಿದವಳು ಅಜ್ಜಿ. ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕುಳಿತಿದ್ದಾಗ, ಮಜ್ಜಿಗೆ ಬಡಿಸುವ ಹೊತ್ತಿಗೆ, ಅಪ್ಪನನ್ನು ಹಿಡಿದಳು.

"ಅಲ್ಲ ಮಾಣಿ, ಒಂದು ಕೇಳ್ತೇನೆ. ಈ ಸಣ್ಣವಳು ಆ ದಿನ 'ಅಯ್ಯೋ ಅಕ್ಕ' ಅಂತ ಕೂಗಿದ್ರೆ ನೀನು ಎಲ್ಲಿಗೆ ಓಡ್ತಿದ್ದೆ?"

"ಅಡುಗೆಮನೆಗೆ. ಮತ್ತೆಲ್ಲಿಗೆ?"

"ನಿನ್ನ ಹೆಂಡ್ತಿ?"

"ನಾನು ಮೆಟ್ಟಿಲಲ್ಲೇ ಬೀಳ್ತಿದ್ದೆ" ಎಂದಳು ಅಮ್ಮ.

"ಆ ಮೇಡಮ್ಮು, ಆ ಹುಡುಗಿಯರು? ಎಲ್ಲ ಅಡುಗೆಮನೆಗೇ. ಹೌದಲ್ಲ? ಸ್ವಿಚ್ಚಿನ ಹತ್ರ ಯಾರು ಹೋಗ್ತಿದ್ರು?"

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು.

"ಆ ನರ್ಸಮ್ಮನ ಮಗಳು 'ಎಂತಾಯ್ತು, ಯಾರಿಗಾಯ್ತು' ಅಂತ ಕೇಳ್ಲಿಲ್ಲ. ಹೇಳಿದ್ದು ಮಾಡಿದ್ಲು. ಅದು ಎಲ್ಲಿ ಕಲ್ತದ್ದು? ನೀನು ಮುಚ್ಚಿದ ಕ್ಲಾಸಲ್ಲಿ. ಸ್ವಿಚ್ಚನ್ನು ಎರಡು ಕೋಣೆ ಆಚೆ ಇಟ್ಟದ್ದು ಯಾರು? ಕ್ಲಾಸಿನವರಾ?"

"ದೇವರ ಎದುರು ಇಟ್ಟದ್ದು ತಪ್ಪಾ ಅಮ್ಮ?"

"ದೇವರಿಗೆ ದೀಪ ಸಾಕು ಮಾರಾಯ. ಅವನು ಎಂತಕ್ಕೆ ನಿನ್ನ ಗ್ರೈಂಡರು ಕಾಯುದು?"

ಅಮ್ಮ ನಗು ತಡೆಯಲಾರದೆ ಮಜ್ಜಿಗೆಯನ್ನು ಎಲೆಯ ಹೊರಗೆ ಬಡಿಸಿದಳು. ಅಪ್ಪ ಆ ದಿನ ಎಲೆ ಮಡಚುವಾಗ ಹೇಳಿದ್ದು ಇಷ್ಟೇ.

"ಆ ಮಿಷನ್ನು ನಾನು ಕಣ್ಣಿಂದ ನೋಡ್ಬೇಕು."

ಮೇಡಂ ಅನುಮತಿ ತಂದರು. ಇಸ್ತ್ರಿ ಮಾಡಿದ ಪಂಚೆಯಲ್ಲಿ ಅಪ್ಪ, ಅವರ ಹಿಂದೆ ನಾವಿಬ್ಬರು, ನಮ್ಮೆಲ್ಲರ ಮುಂದೆ ಅಜ್ಜಿ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಹೇಳಿದರು. ಅಪ್ಪನ ಮುಖ ಅಲ್ಲಿಯೇ ಅರ್ಧ ಸಡಿಲವಾಯಿತು. ಚಪ್ಪಲಿ ಬಿಟ್ಟು ಹೋಗುವ ಜಾಗದಲ್ಲಿ ಕೆಟ್ಟದ್ದು ಇರಲಾರದು ಎನ್ನುವುದು ಅವರ ಲೆಕ್ಕ. ಒಳಗೆ ಎಂಥ ಚಳಿ! ಅಜ್ಜಿ ಸೆರಗು ತಲೆಗೆ ಹೊದ್ದು, "ಇಲ್ಲಿ ಮೊಸರು ಹೆಪ್ಪಾಗ್ಲಿಕ್ಕಿಲ್ಲ" ಎಂದಳು. ಬೀರುವಿನಂಥ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಅಪ್ಪ ಒಂದರ ಮುಂದೆ ಪಂಚೆ ಎತ್ತಿಕಟ್ಟಿ, ನೆಲಕ್ಕೆ ಕೈಯೂರಿ, ಅಡಿಗೆ ಬಗ್ಗಿ ನೋಡಿದರು.

"ಬೆಲ್ಟ್ ಎಲ್ಲಿ?"

"ಬೆಲ್ಟ್ ಹೊರಗಿಲ್ಲ ರಾಯರೇ" ಎಂದರು ಮೇಡಂ, ನಗದೆ.

ಒಂದು ಪೆಟ್ಟಿಗೆಯ ಗಾಜಿನ ಹಿಂದೆ ದೊಡ್ಡ ಟೇಪಿನ ಚಕ್ರಗಳು ಗಿರ್ರನೆ ತಿರುಗಿದವು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಪ್ಪ ಹೆಜ್ಜೆ ಹಿಂದಿಟ್ಟು, "ಇದು ತಿರುಗ್ತದಲ್ಲ!" ಎಂದರು. ಅಲ್ಲಿ ಕೆಲಸ ಮಾಡುತ್ತಿದ್ದ ತಮಿಳು ಹುಡುಗಿ, ಅಕ್ಕನದೇ ವಯಸ್ಸು, ಬಾಗಿಲು ತೆರೆದರೆ ಅದು ತಾನೇ ನಿಲ್ಲುತ್ತದೆ ಎಂದು ತೆರೆದು ತೋರಿಸಿದಳು. ಅವಳ ಸೆರಗೂ ಸೊಂಟಕ್ಕೆ ಸಿಕ್ಕಿಸಿತ್ತು. ಅಪ್ಪ ಅವಳನ್ನು ತಮ್ಮ ಹೋಟೆಲ್ ತಮಿಳಿನಲ್ಲಿ ಕೇಳಿದರು, ಒಬ್ಬಳೇ ಇಲ್ಲಿ ಇರುವುದಕ್ಕೆ ಭಯವಾಗುವುದಿಲ್ಲವೇ ಎಂದು.

"ಭಯಮಾ? ಕುಳಿರ್ ದಾನ್ ಸಾರ್" ಎಂದಳು. ಭಯವಿಲ್ಲ, ಚಳಿ ಅಷ್ಟೇ.

"ಎಲ್ಲಾ ಒಟ್ಟಿಗೆ ನಿಲ್ಲಿಸುದು ಎಲ್ಲಿಂದ?" ಎಂದರು ಅಪ್ಪ.

ಅವಳು ಬಾಗಿಲ ಕಡೆ ಕೈ ತೋರಿಸಿದಳು. ನಾವು ಒಳಗೆ ಬಂದ ಬಾಗಿಲ ಪಕ್ಕದಲ್ಲೇ, ಎದೆಯ ಎತ್ತರಕ್ಕೆ, ಲೋಟದ ಬಾಯಷ್ಟು ಅಗಲದ ಕೆಂಪು ಗುಂಡಿ. ಯಾರು ಬೇಕಾದರೂ ಒತ್ತಬಹುದು, ಯಾಕೆ ಒತ್ತಿದೆ ಎಂದು ಆಮೇಲೆ ಕೇಳುತ್ತಾರೆ ಎಂದಳು. ಅಪ್ಪ ಆ ಗುಂಡಿಯ ಮುಂದೆ ಹೋಗಿ ನಿಂತರು. ಅವರ ಎರಡೂ ಕೈ ಎದೆಯವರೆಗೆ ಎದ್ದಿದ್ದವು. ಮುಗಿದರೋ, ಚಳಿಗೆ ಉಜ್ಜಿಕೊಂಡರೋ, ನಾನು ಖಚಿತವಾಗಿ ಹೇಳಲಾರೆ. ನಾನು ನೋಡುತ್ತಿದ್ದದ್ದು ಅಕ್ಕನನ್ನು. ಅವಳು ಆ ಗುಂಡಿಯಿಂದ ತಿರುಗುವ ಚಕ್ರಕ್ಕೆ, ಚಕ್ರದಿಂದ ಗುಂಡಿಗೆ ಕಣ್ಣು ಹಾಯಿಸಿ ದೂರ ಅಳೆದಳು. ಆಮೇಲೆ ನನ್ನ ಮಣಿಕಟ್ಟು ಬಿಟ್ಟಳು.

"ಮಾಣಿ, ನೋಡಿದ್ಯಾ? ಇಲ್ಲಿಯವರು ದೇವರಿಗೆ ತೊಂದ್ರೆ ಕೊಡ್ಲಿಲ್ಲ" ಎಂದಳು ಅಜ್ಜಿ.

ಮರುದಿನವೇ ಎಲೆಕ್ಟ್ರಿಷಿಯನ್ನು ಬಂದ. ದೇವರ ಪಟದ ಕೆಳಗಿನ ಮೂರನೆಯ ಸ್ವಿಚ್ಚು ಅಡುಗೆಮನೆಗೆ, ರುಬ್ಬುವ ಕಲ್ಲಿನ ಪಕ್ಕದ ಗೋಡೆಗೆ ಬಂತು. ಅಪ್ಪ ತಾವೇ ಅದರ ಸುತ್ತ ಕೆಂಪು ಬಣ್ಣ ಬಳಿದರು. ಅಟ್ಟದಿಂದ ಇಳಿದ ಬೆಲ್ಟಿಗೆ ತಗಡಿನ ಪೆಟ್ಟಿಗೆ ಮಾಡಿಸಿದರು. ಲೋಟಗಳ ಕಪಾಟು ಎದುರು ಗೋಡೆಗೆ ಹೋಯಿತು. ಫ್ಯಾಮಿಲಿ ರೂಮಿನಲ್ಲಿ ಮತ್ತೆ ಲೋಟಗಳು ಓಡಾಡಿದವು, ಮೇಡಂ ಮತ್ತೆ ಊಟ ಮಾಡಿದರು. "ಸ್ಟಾಪ್" ಹೇಳುವ ಕೆಲಸವನ್ನು ನಾನು ನಳಿನಿಗೆ ಬಿಟ್ಟುಕೊಟ್ಟೆ. ಅವಳು ಅದನ್ನು "ನಿಂದರ್ರೀ" ಎನ್ನುತ್ತಿದ್ದಳು. ಅಕ್ಕನೂ ರೆಜಿನಾಳೂ ಪರೀಕ್ಷೆಗೆ ಕುಳಿತರು, ಇಬ್ಬರೂ ಆಯ್ಕೆಯಾದರು. ಆದರೆ ಆ ದಿನದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಕಾಲಿಟ್ಟಿರಲಿಲ್ಲ. ಮಹಡಿಯ ಹೊರಗಿನ ಕಬ್ಬಿಣದ ಏಣಿಮೆಟ್ಟಿಲಿನಿಂದಲೇ ಓಡಾಟ.

ತರಬೇತಿಗೆ ಹೊರಡುವ ಮೊದಲ ದಿನ ಅಮ್ಮ ಅವಳಿಗೆ ಸೀರೆ ಉಡಿಸಿದಳು. ಒಂದೇ ಒಂದು ಪಿನ್ನು ಹಾಕಲಿಲ್ಲ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಮೇಡಂ ಸಿಕ್ಕಿಸುವ ಹಾಗೆ. ಕೆಳಗೆ ಅಪ್ಪ ದೀಪ ಹಚ್ಚಿ, ಕೈ ಮುಗಿದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮೆಟ್ಟಿಲಿನ ಕಡೆ ಕೂಗಿದರು.

"ಶಾರದೇ, ಇಳಿದು ಬಾ. ಇವತ್ತು ಸ್ವಿಚ್ಚು ನೀನು ಹಾಕು."

ಯಜಮಾನರ ಕೈ ಬಿಟ್ಟು ಬೇರೆ ಕೈ ಆ ಸ್ವಿಚ್ಚನ್ನು ಹಾಕಿದ್ದಿಲ್ಲ. ಸೀನಣ್ಣ ಸೌಟು ಕೆಳಗಿಟ್ಟ. ಅಕ್ಕ ಮೆಟ್ಟಿಲಿನ ನಡುವೆ ನಿಂತಳು, ಪ್ರತಿ ಸಲ ನಿಲ್ಲುವ ಜಾಗದಲ್ಲಿ. ಆಮೇಲೆ ಇಳಿದಳು. ಕೆಂಪು ಬಣ್ಣದ ಮುಂದೆ ಬಂದು ನನ್ನನ್ನು ಕರೆದಳು.

"ನೀನು ಅಲ್ಲೇ ನಿಲ್ಲು. ಆ ದಿನ ನಿಂತಿದ್ದೆಯಲ್ಲ, ಆ ಬಾಗಿಲಲ್ಲಿ."

ಹೋಗಿ ನಿಂತೆ. ಅವಳು ಸ್ವಿಚ್ಚು ಹಾಕಿದಳು. ಕಲ್ಲು ಗುರುಗುಟ್ಟಿ ತಿರುಗಿತು. ತಗಡಿನ ಪೆಟ್ಟಿಗೆಯೊಳಗಿನಿಂದ ಠಪ್ ಠಪ್ ಸದ್ದು ಬಂತು. ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕಲ್ಲನ್ನು ನೋಡದೆ, ನನ್ನನ್ನೇ ನೋಡುತ್ತಿದ್ದಳು.

"ಹೇಳು."

ಬಾಯಿ ತೆರೆದೆ. ಬರೀ ಗಾಳಿ ಬಂತು.

"ಹೇಳೇ ಕಂಟ್ರೋಲು, ನನಗೆ ಬಸ್ಸು ತಪ್ಪುತ್ತೆ. ಹೇಳದೆ ನಾನು ಮಾಡೋಹಾಗಿಲ್ಲ. ಬೋಂಡ ಹೋಗುತ್ತೆ."

ಸೀನಣ್ಣ ಕಿಸಕ್ಕನೆ ನಕ್ಕ. ಆ ನಗುವಿಗೋ ಏನೋ, ಮಾತು ಹೊರಟೇಬಿಟ್ಟಿತು.

"ಸ್ಟಾಪ್!"

ಅವಳು ಒತ್ತಿದಳು. ಠಪ್. ಠಪ್. ಠಪ್. ನಿಂತಿತು. ನನ್ನ ಕೂಗು ಬೀದಿಯವರೆಗೂ ಕೇಳಿರಬೇಕು, ಮೊದಲ ಕಾಫಿಗೆ ಬಂದಿದ್ದ ಗಿರಾಕಿಯೊಬ್ಬರು ಹಾಲಿನಲ್ಲಿ ಎದ್ದು ನಿಂತರು. ಅಕ್ಕ ಮತ್ತೆ ಹಾಕಿದಳು. ನಾನು ಮತ್ತೆ ಹೇಳಿದೆ. ಮತ್ತೆ ನಿಂತಿತು.

"ಚಟ್ನಿ ರುಬ್ಬುದಾ, ಇಲ್ಲ ನೀವಿಬ್ರು ಆಟ ಆಡುದಾ?" ಎಂದರು ಅಪ್ಪ.

"ನಿಲ್ಲುತ್ತಾ ಅಂತ ನೋಡ್ದೆ ಅಪ್ಪ."

ಮೂರನೆಯ ಸಲ ಹಾಕಿ, ಅದು ತಿರುಗುತ್ತಿರುವಂತೆಯೇ ಬಿಟ್ಟು, ಅಕ್ಕ ತನ್ನ ಊಟದ ಡಬ್ಬಿ ಎತ್ತಿಕೊಂಡಳು. ಕಲ್ಲಿನ ಪಕ್ಕದಿಂದಲೇ ನಡೆದು, ಫ್ಯಾಮಿಲಿ ರೂಮು ದಾಟಿ, ದೇವರ ಪಟದ ಮುಂದಿನಿಂದ ಹಾದು ಬೀದಿಗಿಳಿದಳು. ಅಲ್ಲಿ ರೆಜಿನಾ ಬಸ್ ಸ್ಟಾಪಿನ ಕಡೆ ಕೈ ತೋರಿಸುತ್ತಾ ಬೇಗ ಬೇಗ ಎನ್ನುತ್ತಿದ್ದಳು.